ಗುಂಡಿಗೆ ಇಳಿಯುವ ಮುನ್ನ ಗ್ಯಾಸ್ ಡಿಟೆಕ್ಟರ್‌ನ ನಿಖರತೆಯನ್ನು ಪರೀಕ್ಷಿಸುವ ಕ್ರಮ

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಟ್ಯಾಂಕ್, ಒಳಚರಂಡಿಯ ಮ್ಯಾನ್‌ಹೋಲ್, ಸಕ್ಕರೆ ಕಾರ್ಖಾನೆಯ ಕಾಕಂಬಿ ತೊಟ್ಟಿ, ನೆಲದಡಿಯ ಸಂಪ್ ಮುಂತಾದ ಗಾಳಿಯಾಡದ ಜಾಗಗಳಿಗೆ ಯಾರನ್ನೇ ಇಳಿಸುವ ಮೊದಲು ಒಳಗಿನ ಗಾಳಿಯನ್ನು ಅಳೆಯಬೇಕೆಂಬುದು ಇಂತಹ ಕೆಲಸ ಮಾಡಿಸುವವರಿಗೆ ತಿಳಿದ ವಿಷಯವೇ. ಆದರೆ ಅಳೆಯುವ ಸಾಧನವೇ ಸರಿಯಾಗಿದೆಯೇ ಎಂದು ಅದೇ ದಿನ, ಅದೇ ಕೆಲಸಕ್ಕೆ ಮುಂಚೆ ಪರೀಕ್ಷಿಸುವುದು ಅನೇಕ ಕಡೆ ಬಿಟ್ಟುಹೋಗುತ್ತದೆ. ಡಿಟೆಕ್ಟರ್ ಆನ್ ಆಯಿತು, ಬೀಪ್ ಎಂದಿತು, ಪರದೆಯ ಮೇಲೆ ಸೊನ್ನೆಗಳು ಬಂದವು, ಆದ್ದರಿಂದ ಒಳಗೆ ಅಪಾಯವಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನದಲ್ಲಿರುವ ದೋಷವನ್ನು ಮೊದಲು ಅರ್ಥಮಾಡಿಕೊಳ್ಳಬೇಕು. ಹೈಡ್ರೋಜನ್ ಸಲ್ಫೈಡ್ ಅಥವಾ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸೆನ್ಸರ್ ಅನಿಲ ತಾಗಿದಾಗ ಒಂದು ಸಣ್ಣ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಅನಿಲವಿಲ್ಲದಿದ್ದರೆ ಸಂಕೇತವಿಲ್ಲ, ಪರದೆಯಲ್ಲಿ ಸೊನ್ನೆ. ಆಯುಷ್ಯ ಮುಗಿದು ಸತ್ತ ಸೆನ್ಸರ್ ಕೂಡ ಸಂಕೇತ ಹುಟ್ಟಿಸುವುದಿಲ್ಲವಾದ್ದರಿಂದ ಅಲ್ಲಿಯೂ ಸೊನ್ನೆಯೇ ಕಾಣುತ್ತದೆ. ಸೆನ್ಸರ್ ಜೀವಂತವಾಗಿದ್ದು ಅದರ ಬಾಯಿಯ ಜಾಳಿಗೆ ಸಿಮೆಂಟ್ ಧೂಳೋ ಒಣಗಿದ ಕೆಸರೋ ಮೆತ್ತಿಕೊಂಡಿದ್ದರೂ ಸೊನ್ನೆಯೇ. ಆನ್ ಮಾಡುವಾಗ ಸಾಧನ ತಾನಾಗಿ ನಡೆಸಿಕೊಳ್ಳುವ ಪರೀಕ್ಷೆ ಬ್ಯಾಟರಿ, ವಿದ್ಯುತ್ ಮಂಡಲ, ಅಲಾರಂಗಳನ್ನು ನೋಡುತ್ತದೆ. ಹೊರಗಿನ ಅನಿಲ ಸೆನ್ಸರ್‌ವರೆಗೆ ತಲುಪುತ್ತದೆಯೇ ಎಂಬುದನ್ನು ಅದು ನೋಡಲಾರದು. ಪ್ರಮಾಣ ಗೊತ್ತಿರುವ ಅನಿಲವನ್ನು ಸೆನ್ಸರ್‌ಗೆ ಊದಿ, ಅದು ಆ ಪ್ರಮಾಣವನ್ನೇ ತೋರಿಸುತ್ತದೆಯೇ ಎಂದು ನೋಡುವುದೊಂದೇ ಇದನ್ನು ತಿಳಿಯುವ ದಾರಿ.

ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಮೂಗನ್ನು ನಂಬುವಂತೆಯೂ ಇಲ್ಲ. ಕೊಳೆತ ಮೊಟ್ಟೆಯ ಆ ವಾಸನೆ ಅತ್ಯಲ್ಪ ಪ್ರಮಾಣದಲ್ಲೇ ಮೂಗಿಗೆ ಬಡಿಯುತ್ತದೆ ನಿಜ. ಆದರೆ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟುವಾಗ ವಾಸನೆ ಗ್ರಹಿಸುವ ಶಕ್ತಿಯೇ ಕುಂದಿಹೋಗುತ್ತದೆ. ಜೀವಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ ಮಟ್ಟವೂ ಅದೇ 100 ಪಿಪಿಎಂ. ವಾಸನೆ ಹೋಯಿತೆಂದು ಧೈರ್ಯ ತಂದುಕೊಳ್ಳುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ.

ಇಲ್ಲಿ ವಿವರಿಸುವ ಕ್ರಮ ಸಾಮಾನ್ಯವಾಗಿ ಬಳಕೆಯಲ್ಲಿರುವ ನಾಲ್ಕು ಅನಿಲಗಳ ಕೈಡಿಟೆಕ್ಟರ್‌ಗೆ ಸಂಬಂಧಿಸಿದ್ದು. ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಇವುಗಳನ್ನು ಅದು ಅಳೆಯುತ್ತದೆ. ಉದಾಹರಣೆಗೆ ಅಪಾರ್ಟ್‌ಮೆಂಟ್ ಎಸ್‌ಟಿಪಿಯ ಕೊಳಚೆ ಸಂಗ್ರಹ ತೊಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಬೇರೆ ಜಾಗಕ್ಕೂ ಕ್ರಮ ಇದೇ. ನಿಮ್ಮ ಡಿಟೆಕ್ಟರ್‌ನ ಕೈಪಿಡಿಯಲ್ಲಿ ಬೇರೆ ಸಮಯ, ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಬಂಪ್ ಟೆಸ್ಟ್ ಮತ್ತು ಕ್ಯಾಲಿಬ್ರೇಷನ್

ಈ ಕೆಲಸದಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳನ್ನು ಒಂದೇ ಹೆಸರಿನಿಂದ ಕರೆಯುವ ಅಭ್ಯಾಸವಿದೆ. ಅಲಾರಂ ಮಟ್ಟಕ್ಕಿಂತ ಹೆಚ್ಚಿನ ಅನಿಲವನ್ನು ಸ್ವಲ್ಪ ಹೊತ್ತು ಊದಿ, ಸೆನ್ಸರ್ ಸ್ಪಂದಿಸುತ್ತದೆಯೇ, ಅಲಾರಂ ಕೂಗುತ್ತದೆಯೇ ಎಂದಷ್ಟೇ ನೋಡುವುದು ಬಂಪ್ ಟೆಸ್ಟ್. ಅದೇ ಅನಿಲವನ್ನು ಅಂಕಿ ಸ್ಥಿರವಾಗುವವರೆಗೆ ಊದಿ, ಬಂದ ಅಂಕಿಯನ್ನು ಸಿಲಿಂಡರ್ ಲೇಬಲ್ಲಿನ ಅಂಕಿಯೊಂದಿಗೆ ಹೋಲಿಸುವುದು ಕ್ಯಾಲಿಬ್ರೇಷನ್ ಚೆಕ್. ತಪ್ಪಿದ ಅಂಕಿಯನ್ನು ಸರಿಪಡಿಸಿ ಸಾಧನದೊಳಗೆ ಹೊಸದಾಗಿ ಕೂರಿಸುವುದು ಪೂರ್ಣ ಕ್ಯಾಲಿಬ್ರೇಷನ್. ಪ್ರತಿದಿನ ಬಳಕೆಗೆ ಮುನ್ನ ಮೊದಲೆರಡರಲ್ಲಿ ಒಂದಾದರೂ ಆಗಲೇಬೇಕೆಂಬುದು ಸುರಕ್ಷತಾ ವಲಯದಲ್ಲಿ ಒಪ್ಪಿತವಾದ ಮಾತು. ಮನುಷ್ಯರು ಒಳಗೆ ಇಳಿಯುವ ದಿನ ಬರೀ ಬಂಪ್ ಟೆಸ್ಟ್‌ಗೆ ನಿಲ್ಲದೆ ಕ್ಯಾಲಿಬ್ರೇಷನ್ ಚೆಕ್ ಅನ್ನೇ ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ. 25 ಪಿಪಿಎಂ ಅನಿಲಕ್ಕೆ 12 ತೋರಿಸುವ ಸೆನ್ಸರ್ ಕೂಡ 10ಕ್ಕೆ ನಿಗದಿಯಾದ ಅಲಾರಂ ಅನ್ನು ಕೂಗಿಸುತ್ತದೆ, ಬಂಪ್ ಟೆಸ್ಟ್‌ನಲ್ಲಿ ಪಾಸಾಗುತ್ತದೆ. ಒಳಗಿನ ಅನಿಲವನ್ನು ಮಾತ್ರ ಅರ್ಧಕ್ಕರ್ಧ ಕಡಿಮೆ ಹೇಳುತ್ತದೆ. ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದೆರಡು ನಿಮಿಷ.

ಮೊದಲನೆಯ ಹೆಜ್ಜೆ: ಕೈಯಲ್ಲಿ ಹಿಡಿದು ನೋಡುವುದು

ಹೊರಕವಚ ಒಡೆದಿಲ್ಲವೆಂದು, ಸೆನ್ಸರ್ ಬಾಯಿಯ ಜಾಳಿ ಒದ್ದೆಯಾಗಿಲ್ಲ, ಮುಚ್ಚಿಕೊಂಡಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಬ್ಯಾಟರಿ ಇಡೀ ಕೆಲಸದ ಅವಧಿಗೆ ಸಾಲುವಷ್ಟಿರಬೇಕು. ಕೊನೆಯ ಪೂರ್ಣ ಕ್ಯಾಲಿಬ್ರೇಷನ್‌ನ ದಿನಾಂಕವನ್ನು ಸ್ಟಿಕ್ಕರಿನಲ್ಲಿ ಮಾತ್ರವಲ್ಲದೆ ಸಾಧನದ ಪರದೆಯಲ್ಲೂ ನೋಡಿ, ಏಕೆಂದರೆ ಸ್ಟಿಕ್ಕರ್ ಅನ್ನು ಯಾರು ಬೇಕಾದರೂ ಅಂಟಿಸಬಹುದು. ಒಳಗೆ ಪಂಪ್ ಇರುವ ಮಾದರಿಯಾದರೆ ಪಂಪ್ ಓಡುತ್ತಿರುವಾಗ ಗಾಳಿ ಎಳೆಯುವ ಬಾಯಿಯನ್ನು ಬೆರಳಿನಿಂದ ಮುಚ್ಚಿ. ಕೆಲವೇ ಕ್ಷಣಗಳಲ್ಲಿ ಪಂಪ್ ಉಸಿರುಗಟ್ಟಿದಂತೆ ಸದ್ದು ಬದಲಿಸಿ ಅಡಚಣೆಯ ಅಲಾರಂ ಕೊಡಬೇಕು. ಬೆರಳಿಟ್ಟರೂ ಅದು ಆರಾಮವಾಗಿ ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಅಂದರೆ ಅದು ತೊಟ್ಟಿಯ ಗಾಳಿಯ ಜೊತೆ ಹೊರಗಿನ ಗಾಳಿಯನ್ನೂ ಎಳೆಯುತ್ತಿದೆ.

ಎರಡನೆಯ ಹೆಜ್ಜೆ: ಶುದ್ಧ ಗಾಳಿಯಲ್ಲಿ ಆನ್ ಮಾಡುವುದು

ಡಿಟೆಕ್ಟರ್ ಅನ್ನು ತೊಟ್ಟಿಯ ಬಾಯಿಯಿಂದ ದೂರ, ಗಾಳಿ ಬೀಸಿ ಬರುವ ಬದಿಯಲ್ಲಿ, ಜನರೇಟರ್ ಮತ್ತು ವಾಹನಗಳ ಹೊಗೆ ತಾಗದ ಬಯಲಿನಲ್ಲಿ ಆನ್ ಮಾಡಬೇಕು. ಎಸಿ ಕೋಣೆಯಿಂದ ತಂದದ್ದಾದರೆ ಹೊರಗಿನ ತಾಪಮಾನಕ್ಕೆ ಹೊಂದಿಕೊಳ್ಳಲು ಸಮಯ ಕೊಡಬೇಕು. ಆಮ್ಲಜನಕ 20.9 ಶೇಕಡಾ, ಉಳಿದ ಮೂರೂ ಸೊನ್ನೆ ತೋರಿಸಬೇಕು. ಅಲ್ಪಸ್ವಲ್ಪ ಅತ್ತಿತ್ತ ಇದ್ದರೆ ಶುದ್ಧ ಗಾಳಿಯ ಸೊನ್ನೆ ಹೊಂದಾಣಿಕೆಯನ್ನು ಇಲ್ಲಿ ಮಾಡಿಕೊಳ್ಳಬಹುದು.

ಈ ಸೊನ್ನೆ ಹೊಂದಾಣಿಕೆ ಎಂಬ ಸಣ್ಣ ಕೆಲಸದಲ್ಲೇ ದೊಡ್ಡ ತಪ್ಪು ನುಸುಳುತ್ತದೆ. ಎಸ್‌ಟಿಪಿ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ವಾಹನ ನಿಲುಗಡೆಯ ಪಕ್ಕದಲ್ಲಿರುತ್ತದೆ. ಕೆಲಸದವರು ಅಲ್ಲಿಯೇ ನಿಂತು ಸೊನ್ನೆ ಮಾಡಿಕೊಳ್ಳುತ್ತಾರೆ. ಆ ಜಾಗದ ಗಾಳಿಯಲ್ಲಿ 20 ಪಿಪಿಎಂ ಕಾರ್ಬನ್ ಮಾನಾಕ್ಸೈಡ್ ಇತ್ತೆಂದು ಇಟ್ಟುಕೊಳ್ಳಿ. ಸಾಧನ ಆ 20 ಅನ್ನೇ ಸೊನ್ನೆಯೆಂದು ಕಲಿಯುತ್ತದೆ. ಆಮೇಲೆ ತೊಟ್ಟಿಯಲ್ಲಿ ನಿಜವಾಗಿ 50 ಇದ್ದರೂ ಪರದೆ 30 ಎನ್ನುತ್ತದೆ, 35ಕ್ಕೆ ಕೂಗಬೇಕಾದ ಅಲಾರಂ ಸುಮ್ಮನಿರುತ್ತದೆ. ಮತ್ತೆ ಬಯಲಿಗೆ ಬಂದಾಗ ಅಂಕಿ ಸೊನ್ನೆಗಿಂತ ಕೆಳಗೆ ಇಳಿದರೆ ಸೊನ್ನೆ ಮಾಡಿದ ಜಾಗ ಶುದ್ಧವಾಗಿರಲಿಲ್ಲವೆಂದು ತಿಳಿಯಬೇಕು. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿನ ಆವಿಯೂ ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ಅನ್ನು ಏಮಾರಿಸುತ್ತದೆ, ಆದ್ದರಿಂದ ಕೈ ಪೂರ್ತಿ ಒಣಗಿದ ಮೇಲೆ ಸಾಧನ ಮುಟ್ಟುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಸಿಲಿಂಡರಿನ ಲೇಬಲ್ ಓದುವುದು

ಪರೀಕ್ಷೆಯ ಅನಿಲ ಒಂದು ಕೈಯಲ್ಲಿ ಹಿಡಿಯಬಹುದಾದ ಸಿಲಿಂಡರಿನಲ್ಲಿ ಬರುತ್ತದೆ. ನಾಲ್ಕು ಅನಿಲಗಳ ಡಿಟೆಕ್ಟರ್‌ಗೆ ಹೆಚ್ಚು ಬಳಕೆಯಲ್ಲಿರುವ ಒಂದು ಮಿಶ್ರಣದಲ್ಲಿ ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್ 100 ಪಿಪಿಎಂ, ಮೀಥೇನ್ 2.5 ಶೇಕಡಾ, ಆಮ್ಲಜನಕ 18 ಶೇಕಡಾ ಇದ್ದು ಉಳಿದದ್ದು ಸಾರಜನಕ. ಗಾಳಿಯಲ್ಲಿ ಮೀಥೇನ್ ಸುಮಾರು 5 ಶೇಕಡಾ ಆದಾಗ ಹೊತ್ತಿಕೊಳ್ಳಬಲ್ಲದು. ಆ ಕನಿಷ್ಠ ಮಟ್ಟವನ್ನು (ಲೋವರ್ ಎಕ್ಸ್‌ಪ್ಲೋಸಿವ್ ಲಿಮಿಟ್, ಎಲ್‌ಇಎಲ್) 100 ಎಂದು ಹಿಡಿದು ಡಿಟೆಕ್ಟರ್ ಎಲ್‌ಇಎಲ್ ಶೇಕಡಾವಾರಿನಲ್ಲಿ ಅಂಕಿ ಕೊಡುವುದರಿಂದ, 2.5 ಶೇಕಡಾ ಮೀಥೇನ್‌ಗೆ ಪರದೆಯಲ್ಲಿ 50 ಎಲ್‌ಇಎಲ್ ಕಾಣಬೇಕು.

ಲೇಬಲ್ಲಿನಲ್ಲಿ ಅವಧಿ ಮುಗಿಯುವ ದಿನಾಂಕ ನೋಡಿ. ಹೈಡ್ರೋಜನ್ ಸಲ್ಫೈಡ್ ಸುಮ್ಮನೆ ಕೂರುವ ಅನಿಲವಲ್ಲ. ಅವಧಿ ದಾಟಿದ ಸಿಲಿಂಡರಿನೊಳಗೆ ಅದು ಕಾಲಕ್ರಮೇಣ ಕ್ಷೀಣಿಸುತ್ತದೆ. ಒತ್ತಡದ ಮುಳ್ಳು ತುಂಬಿದೆ ಎಂದು ತೋರಿಸುತ್ತಿದ್ದರೂ ಅನಿಲ ಲೇಬಲ್ಲಿನಲ್ಲಿ ಬರೆದಷ್ಟು ಇರುವುದಿಲ್ಲ. ಅಂತಹ ಸಿಲಿಂಡರಿನಿಂದ ಒಳ್ಳೆಯ ಸೆನ್ಸರ್ ಕೆಟ್ಟಿದೆಯೆಂದು ಕಾಣಬಹುದು, ಅದನ್ನು ನಂಬಿ ಪೂರ್ಣ ಕ್ಯಾಲಿಬ್ರೇಷನ್ ಮಾಡಿದರೆ ಸಾಧನದ ಅಂಕಿಗಳೇ ಕೆಡುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಸಿಲಿಂಡರಿನ ಅಂಕಿ ಮತ್ತು ಡಿಟೆಕ್ಟರ್‌ನ ಸೆಟ್ಟಿಂಗ್ಸ್‌ನಲ್ಲಿ ದಾಖಲಾದ ಅಂಕಿ ಒಂದೇ ಆಗಿರಬೇಕು. ಸಿಲಿಂಡರಿನಲ್ಲಿ 25 ಪಿಪಿಎಂ ಇದ್ದು, ಹಿಂದೆ ಬಳಸುತ್ತಿದ್ದ ಸಿಲಿಂಡರಿನ 20 ಎಂಬ ಅಂಕಿ ಸಾಧನದಲ್ಲಿ ಹಾಗೆಯೇ ಉಳಿದಿದ್ದರೆ, ಕ್ಯಾಲಿಬ್ರೇಷನ್ ಆದ ಮೇಲೆ ಸಾಧನ 25 ಅನ್ನು 20 ಎಂದೇ ಓದುತ್ತದೆ. ಅಂದರೆ 10 ಪಿಪಿಎಂಗೆ ಇಟ್ಟ ಅಲಾರಂ ತೊಟ್ಟಿಯಲ್ಲಿ 12.5 ಆಗುವವರೆಗೆ ಕೂಗುವುದಿಲ್ಲ. ಬೇರೆ ಸರಬರಾಜುದಾರರಿಂದ ಸಿಲಿಂಡರ್ ತರಿಸಿದ ದಿನ ಈ ಪರಿಶೀಲನೆಯನ್ನು ಮರೆಯಬಾರದು.

ಹೊತ್ತಿಕೊಳ್ಳುವ ಅನಿಲದ ಸೆನ್ಸರ್‌ಗೆ ಮೀಥೇನ್ ಇರುವ ಮಿಶ್ರಣವನ್ನೇ ಬಳಸಿ. ಬಿಸಿ ಮಣಿಯ ಮೇಲೆ ಅನಿಲವನ್ನು ಉರಿಸಿ ಅಳೆಯುವ ಈ ಸೆನ್ಸರ್ ಸಿಲಿಕೋನ್ ಆವಿಗೆ ಸಿಕ್ಕರೆ ಶಕ್ತಿ ಕಳೆದುಕೊಳ್ಳುತ್ತದೆ. ಆಗ ಅದು ಮೊದಲು ಗುರುತಿಸಲಾರದೆ ಹೋಗುವುದು ಮೀಥೇನ್ ಅನ್ನು. ಪ್ರೊಪೇನಿಗೋ ಪೆಂಟೇನಿಗೋ ಇನ್ನೂ ಸರಿಯಾಗಿ ಸ್ಪಂದಿಸುತ್ತಿರುವಾಗಲೇ ಮೀಥೇನ್‌ಗೆ ಕುರುಡಾಗಿರಬಹುದು, ಕೊಳಚೆ ತೊಟ್ಟಿಯಲ್ಲಿರುವುದೋ ಮೀಥೇನ್. ಸಿಲಿಕೋನ್ ಸ್ಪ್ರೇ, ಪಾಲಿಶ್, ಸೀಲಂಟ್ ಇಡುವ ಕಪಾಟಿನಲ್ಲಿ ಡಿಟೆಕ್ಟರ್ ಇಡಬೇಡಿ. ಸಿಗರೇಟ್ ಲೈಟರಿನ ಅನಿಲವನ್ನು ಬಿಟ್ಟು ಅಲಾರಂ ಕೂಗಿಸುವ ಅಭ್ಯಾಸವನ್ನು ಕೂಡಲೇ ನಿಲ್ಲಿಸಿ: ಅದರಲ್ಲಿ ಪ್ರಮಾಣವೂ ಗೊತ್ತಾಗುವುದಿಲ್ಲ, ಅತಿ ಹೆಚ್ಚಿನ ಅನಿಲದಿಂದ ಸೆನ್ಸರ್ ಹಾಳೂ ಆಗುತ್ತದೆ. ಬಾಯಿಂದ ಊದಿದಾಗ ಆಮ್ಲಜನಕದ ಅಂಕಿ ಇಳಿಯುವುದನ್ನು ಪರೀಕ್ಷೆಯೆಂದು ಭಾವಿಸುವವರೂ ಇದ್ದಾರೆ. ಅದರಿಂದ ಉಳಿದ ಮೂರು ಸೆನ್ಸರ್‌ಗಳ ಬಗ್ಗೆ ಏನೂ ತಿಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅನಿಲ ಊದಿ ಅಂಕಿ ನೋಡುವುದು

ಪಂಪ್ ಇಲ್ಲದ ಡಿಟೆಕ್ಟರ್ ಆದರೆ ಅದರ ಜೊತೆ ಬಂದ ಕ್ಯಾಪ್ ಅನ್ನು ಸೆನ್ಸರ್‌ಗಳ ಮೇಲೆ ಸರಿಯಾಗಿ ಕೂರಿಸಿ, ನಿಮಿಷಕ್ಕೆ 0.5 ಲೀಟರ್ ಬಿಡುವ ಸ್ಥಿರ ಹರಿವಿನ ರೆಗ್ಯುಲೇಟರ್‌ಗೆ ಗಿಡ್ಡ ಕೊಳವೆಯಿಂದ ಜೋಡಿಸಿ. ಪಂಪ್ ಇರುವ ಡಿಟೆಕ್ಟರ್‌ಗೆ ಈ ರೆಗ್ಯುಲೇಟರ್ ಹೊಂದುವುದಿಲ್ಲ. ಪಂಪ್ ಎಳೆಯುವಷ್ಟನ್ನು ಅದು ಕೊಡದಿದ್ದರೆ ಕೊರತೆಯನ್ನು ಪಂಪ್ ಹೊರಗಾಳಿಯಿಂದ ತುಂಬಿಕೊಂಡು ಅನಿಲ ತೆಳುವಾಗುತ್ತದೆ. ಅಲ್ಲಿಗೆ ಎಳೆದಷ್ಟನ್ನೇ ಕೊಡುವ ಡಿಮ್ಯಾಂಡ್ ಫ್ಲೋ ರೆಗ್ಯುಲೇಟರ್ ಬೇಕು. ಕೊಳವೆ ತಯಾರಕರು ಸೂಚಿಸಿದ್ದೇ ಆಗಿರಲಿ, ಏಕೆಂದರೆ ಸಾಮಾನ್ಯ ರಬ್ಬರ್ ಕೊಳವೆ ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುತ್ತದೆ. ಗಾಳಿಯಾಡುವ ಜಾಗದಲ್ಲಿ ಈ ಕೆಲಸ ಮಾಡಿ, ಆದರೆ ಜೋರು ಗಾಳಿ ಕ್ಯಾಪಿನ ಮೇಲೆ ನೇರವಾಗಿ ಬೀಸದಂತೆ ಮರೆ ಮಾಡಿಕೊಳ್ಳಿ.

ವಾಲ್ವ್ ತೆರೆದ ಕೂಡಲೇ ಪರದೆಯಿಂದ ಕಣ್ಣು ತೆಗೆಯಬೇಡಿ. ಆಮ್ಲಜನಕ 20.9ರಿಂದ ಕೆಳಗಿಳಿಯತೊಡಗುತ್ತದೆ, 19.5ರ ಕೆಳಗೆ ಬಂದಾಗ ಅಲಾರಂ ಕೂಗುತ್ತದೆ. ಎಲ್‌ಇಎಲ್ ಬೇಗ ಏರುತ್ತದೆ. ಹೈಡ್ರೋಜನ್ ಸಲ್ಫೈಡ್ 8, 15, 20 ಎಂದು ಹತ್ತುತ್ತಾ ಕೊನೆಯ ಒಂದೆರಡು ಅಂಕಿಗಳಿಗೆ ನಿಧಾನವಾಗುತ್ತದೆ. ಈ ಹಂತದಲ್ಲಿ ಅವಸರಪಟ್ಟು ವಾಲ್ವ್ ಮುಚ್ಚಿದರೆ ಸೆನ್ಸರ್ ಕಡಿಮೆ ತೋರಿಸಿತೆಂಬ ತಪ್ಪು ದಾಖಲೆ ಉಳಿಯುತ್ತದೆ. ಸದ್ದು, ಕೆಂಪು ದೀಪ, ಕಂಪನ ಮೂರೂ ಬರುತ್ತವೆಯೇ ಗಮನಿಸಿ. ಬ್ಲೋವರ್ ಸದ್ದಿನ ನಡುವೆ ಕಿವಿಗೆ ಬೀಳದ ಅಲಾರಂ ಅನ್ನು ಇಳಿದವನ ಎದೆಯ ಮೇಲಿನ ಕಂಪನವೇ ತಿಳಿಸಬೇಕಾಗುತ್ತದೆ.

ಅಂಕಿಗಳು ಸ್ಥಿರವಾದ ಮೇಲೆ ಲೇಬಲ್ಲಿನೊಂದಿಗೆ ಹೋಲಿಸಿ. ಸಾಮಾನ್ಯವಾಗಿ ಒಪ್ಪುವ ಅಂತರ ಹೆಚ್ಚುಕಡಿಮೆ 10 ಶೇಕಡಾ. ಮೇಲಿನ ಮಿಶ್ರಣಕ್ಕೆ ಹೈಡ್ರೋಜನ್ ಸಲ್ಫೈಡ್ 22.5ರಿಂದ 27.5, ಕಾರ್ಬನ್ ಮಾನಾಕ್ಸೈಡ್ 90ರಿಂದ 110, ಎಲ್‌ಇಎಲ್ 45ರಿಂದ 55 ಇದ್ದರೆ ಸರಿ. ಆಮ್ಲಜನಕಕ್ಕೆ ಇಷ್ಟು ಸಡಿಲ ಕೊಡುವಂತಿಲ್ಲ, 18ರ ಹತ್ತಿರವೇ ನಿಲ್ಲಬೇಕು. ಒಂದು ಅನಿಲದ ಅಂಕಿ ಮಿತಿ ಮೀರಿದರೂ ಮೊದಲು ಕ್ಯಾಪ್, ಕೊಳವೆ, ಸಿಲಿಂಡರಿನ ದಿನಾಂಕವನ್ನು ಮತ್ತೊಮ್ಮೆ ನೋಡಿ, ಪುನಃ ಊದಿ. ಮತ್ತೆ ತಪ್ಪಿದರೆ ಪೂರ್ಣ ಕ್ಯಾಲಿಬ್ರೇಷನ್ ಮಾಡಿ, ಅದಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಕ್ಯಾಲಿಬ್ರೇಷನ್ ಕೂಡ ಆಗದಿದ್ದರೆ ಆ ಡಿಟೆಕ್ಟರ್‌ಗೆ ‘ಬಳಸಬಾರದು’ ಎಂಬ ಚೀಟಿ ಕಟ್ಟಿ ಬೇರೆ ಇಡಬೇಕು. ಉಳಿದ ಮೂರು ಸೆನ್ಸರ್ ಸರಿಯಿವೆ, ಇವತ್ತೊಂದು ದಿನ ನಡೆಸೋಣ ಎಂಬ ಮಾತಿಗೆ ಯಾವ ಕಾರಣಕ್ಕೂ ಒಪ್ಪಬಾರದು.

ಅನಿಲ ನಿಲ್ಲಿಸಿದ ಮೇಲೆ ಕ್ಯಾಪ್ ತೆಗೆದು ಅಂಕಿಗಳು 20.9ಕ್ಕೂ ಸೊನ್ನೆಗೂ ಮರಳುವವರೆಗೆ ಕಾಯಿರಿ. ಬಳಿಕ ಗರಿಷ್ಠ ಅಂಕಿಯ ದಾಖಲೆಯನ್ನು ಅಳಿಸಿ. ಇದನ್ನು ಮರೆತರೆ ಸಂಜೆ ನೋಡುವವರಿಗೆ 25 ಎಂಬ ಗರಿಷ್ಠ ಅಂಕಿ ಸಿಲಿಂಡರಿನದ್ದೋ ತೊಟ್ಟಿಯದ್ದೋ ತಿಳಿಯುವುದಿಲ್ಲ.

ಪುಸ್ತಕದಲ್ಲಿ ಬರೆಯುವುದು

ಸಾಧನದ ಸರಣಿ ಸಂಖ್ಯೆ, ಸಿಲಿಂಡರಿನ ಲಾಟ್ ಸಂಖ್ಯೆ ಮತ್ತು ಅವಧಿ, ನಾಲ್ಕೂ ಅನಿಲಗಳಿಗೆ ಬಂದ ಅಂಕಿ, ಸಮಯ, ಪರೀಕ್ಷಿಸಿದವರ ಸಹಿ ಇಷ್ಟನ್ನು ದಾಖಲಿಸಿ, ವರ್ಕ್ ಪರ್ಮಿಟ್‌ಗೆ (ಆ ದಿನದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಲಗತ್ತಿಸಬೇಕು. ‘ಪಾಸ್’ ಎಂದಷ್ಟೇ ಬರೆಯದೆ ಅಂಕಿಯನ್ನೇ ಬರೆದರೆ ಒಂದು ಸೆನ್ಸರ್ 25, 24, 23 ಎಂದು ದಿನದಿಂದ ದಿನಕ್ಕೆ ಸೋಲುತ್ತಿರುವುದು ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಗಾಳಿಯನ್ನು ತಾನೇ ಪರೀಕ್ಷಿಸಿದ ಅರ್ಹ ವ್ಯಕ್ತಿಯ ಲಿಖಿತ ಪ್ರಮಾಣಪತ್ರವಿರಬೇಕು, ಇಲ್ಲವೇ ಇಳಿಯುವವರಿಗೆ ಉಸಿರಾಟದ ಉಪಕರಣ ಮತ್ತು ಹಗ್ಗಕ್ಕೆ ಕಟ್ಟಿದ ಬೆಲ್ಟ್ ಇರಬೇಕು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಷ್ಟು ಹಳೆಯದು. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧವಾಗಿಸಿದೆ. ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯರನ್ನು ಇಳಿಸಲು ಈ ಪರೀಕ್ಷೆ ಅನುಮತಿಯಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಹೇಳಬೇಕು.

ತೊಟ್ಟಿಯ ಬಾಯಿಯಲ್ಲಿ

ನಿಖರವೆಂದು ಸಾಬೀತಾದ ಡಿಟೆಕ್ಟರ್ ಕೂಡ ತಪ್ಪಾಗಿ ಬಳಸಿದರೆ ತಪ್ಪನ್ನೇ ಹೇಳುತ್ತದೆ. ಮುಚ್ಚಳವನ್ನು ಪೂರ್ತಿ ತೆರೆಯುವ ಮೊದಲೇ ಸಂದಿಯಿಂದ ಕೊಳವೆ ಇಳಿಸಿ ಅಳೆಯಿರಿ. ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಆದ್ದರಿಂದ ಮೇಲೆ, ನಡುವೆ, ತಳದಲ್ಲಿ, ಸುಮಾರು 1.2 ಮೀಟರಿಗೊಮ್ಮೆ ನಿಲ್ಲಿಸಿ ಅಳೆಯಬೇಕು. ಉದ್ದ ಕೊಳವೆಯಲ್ಲಿ ಅನಿಲ ಡಿಟೆಕ್ಟರ್ ತಲುಪಲು ಪ್ರತಿ ಮೀಟರಿಗೆ ಸುಮಾರು ಮೂರು ಸೆಕೆಂಡ್ ಬೇಕೆಂದು ಲೆಕ್ಕ ಹಿಡಿದು, ಅದರ ಮೇಲೆ ಸೆನ್ಸರ್ ಸ್ಪಂದಿಸುವ ಸಮಯವನ್ನೂ ಸೇರಿಸಿ, ಪ್ರತಿ ಮಟ್ಟದಲ್ಲೂ ಎರಡು ನಿಮಿಷದಷ್ಟು ತಾಳ್ಮೆಯಿಂದ ಕಾಯುವುದು ಸುರಕ್ಷಿತ. ಸಿಲಿಂಡರ್ ಪರೀಕ್ಷೆಯನ್ನೂ ಒಮ್ಮೆ ಇದೇ ಉದ್ದ ಕೊಳವೆ ಮತ್ತು ಫಿಲ್ಟರ್ ಜೋಡಿಸಿ ಮಾಡಿದರೆ ಕೊಳವೆಯ ಸೋರಿಕೆಯೂ ಹೊರಬೀಳುತ್ತದೆ. ಕೊಳವೆಯ ತುದಿ ಕೊಳಚೆ ನೀರನ್ನು ಮುಟ್ಟಬಾರದು.

ಓದುವಾಗ ಮೊದಲು ಆಮ್ಲಜನಕ, ನಂತರ ಎಲ್‌ಇಎಲ್, ಆಮೇಲೆ ವಿಷಾನಿಲಗಳು. ಬಿಸಿ ಮಣಿಯ ಸೆನ್ಸರ್ ಅನಿಲವನ್ನು ಉರಿಸಿ ಅಳೆಯುವುದರಿಂದ ಅದಕ್ಕೆ ಆಮ್ಲಜನಕ ಬೇಕೇ ಬೇಕು. ಆಮ್ಲಜನಕ 10 ಶೇಕಡಾಕ್ಕಿಂತ ಕೆಳಗಿದ್ದರೆ ಎಲ್‌ಇಎಲ್ ಅಂಕಿಯನ್ನು ನಂಬಬಾರದು. ಇಳಿಯಲು ಆಮ್ಲಜನಕ 19.5ರಿಂದ 23.5ರ ಒಳಗೆ, ಎಲ್‌ಇಎಲ್ 10ಕ್ಕಿಂತ ಕೆಳಗೆ ಇರಬೇಕೆಂಬ ಮಿತಿ ಸಾಮಾನ್ಯವಾಗಿ ಬಳಕೆಯಲ್ಲಿದೆ. ಆದರೆ ಈ ಮಿತಿಯೊಳಗಿದ್ದರೂ 20.9ರಿಂದ ಇಳಿದ ಆಮ್ಲಜನಕ ಯಾಕೆ ಇಳಿಯಿತೆಂದು ಕಾರಣ ಹುಡುಕದೆ ಮುಂದುವರಿಯಬಾರದು.

ಅದಕ್ಕೊಂದು ಬಲವಾದ ನಿದರ್ಶನ ಇಂಗಾಲದ ಡೈಆಕ್ಸೈಡ್. ನಾಲ್ಕು ಅನಿಲಗಳ ಡಿಟೆಕ್ಟರ್ ಅದನ್ನು ಅಳೆಯುವುದೇ ಇಲ್ಲ. ಡಿಸ್ಟಿಲರಿಯ ಹುದುಗು ತೊಟ್ಟಿಯಂತಹ ಕಡೆ ಅದು ಗಾಳಿಯಲ್ಲಿ 4 ಶೇಕಡಾ ಸೇರಿಕೊಂಡರೆ ಜೀವಕ್ಕೆ ತಕ್ಷಣದ ಅಪಾಯದ ಮಟ್ಟ. ಅಷ್ಟು ಸೇರಿದಾಗ ಆಮ್ಲಜನಕ 20.9ರಿಂದ ಸುಮಾರು 20.1ಕ್ಕೆ ಇಳಿದಿರುತ್ತದೆ, 19.5ರ ಅಲಾರಂ ಕೂಗುವುದಿಲ್ಲ. ಸಾಧನ ನಿಖರವಾಗಿದೆ, ಅಂಕಿಯೂ ಸರಿ, ಆದರೂ ಒಳಗೆ ಹೋದವನ ಜೀವ ಅಪಾಯದಲ್ಲಿದೆ. ಹುದುಗುವ ಪದಾರ್ಥವಿರುವ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಸೆನ್ಸರ್ ಇರುವ ಡಿಟೆಕ್ಟರ್ ಅನ್ನೇ ತರಿಸಬೇಕು, ಅದಕ್ಕೂ ಅದರದೇ ಪರೀಕ್ಷಾ ಅನಿಲದಿಂದ ಇದೇ ಕ್ರಮದ ಪರೀಕ್ಷೆ ಆಗಬೇಕು.

ಕೆಲಸ ಶುರುವಾದ ಮೇಲೂ ಡಿಟೆಕ್ಟರ್ ಇಳಿದವರ ಎದೆಯ ಮಟ್ಟದಲ್ಲಿ, ಉಸಿರಾಡುವ ಜಾಗದ ಹತ್ತಿರ, ಓಡುತ್ತಲೇ ಇರಬೇಕು. ತಳದ ಕೆಸರನ್ನು ಕಲಕಿದ ಗಳಿಗೆಯಲ್ಲಿ ಅದರೊಳಗೆ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೇಳುತ್ತದೆ. ಬೆಳಿಗ್ಗೆ ಮಾಡಿದ ಅಳತೆಗೆ ಆಗ ಯಾವ ಬೆಲೆಯೂ ಇಲ್ಲ.

ಮತ್ತೆ ಯಾವಾಗ ಪರೀಕ್ಷಿಸಬೇಕು

ದಿನಕ್ಕೊಮ್ಮೆ ಎಂಬುದು ಕನಿಷ್ಠ. ಡಿಟೆಕ್ಟರ್ ಕೆಳಗೆ ಬಿದ್ದರೆ, ನೀರಿನಲ್ಲಿ ನೆನೆದರೆ, ಅಳತೆಯ ಮಿತಿಯನ್ನೇ ಮೀರಿದ ಅನಿಲ ತಾಗಿದರೆ, ಸೆನ್ಸರ್ ಅಥವಾ ಫಿಲ್ಟರ್ ಬದಲಾದರೆ, ತೊಟ್ಟಿಯೊಳಗೆ ಬಣ್ಣ, ದ್ರಾವಕ, ಸಿಲಿಕೋನ್ ಸೀಲಂಟ್ ಬಳಸಿದ್ದರೆ, ಮುಂದಿನ ಇಳಿತಕ್ಕೆ ಮೊದಲು ಪುನಃ ಸಿಲಿಂಡರಿನ ಅನಿಲ ಊದಿ ನೋಡಬೇಕು. ನಿಮಿಷಕ್ಕೆ ಅರ್ಧ ಲೀಟರಿನಂತೆ 58 ಲೀಟರಿನ ಒಂದು ಸಿಲಿಂಡರ್ ಸುಮಾರು 116 ನಿಮಿಷ ಬರುತ್ತದೆ, ಆದ್ದರಿಂದ ಅನಿಲ ಉಳಿಸಲೆಂದು ಪರೀಕ್ಷೆಯನ್ನು ಕೈಬಿಡುವ ಪ್ರಮೇಯವೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ರೆಗ್ಯುಲೇಟರ್ ಅನ್ನು ಸಿಲಿಂಡರಿನಿಂದ ಬಿಚ್ಚಿ ಬೇರೆಯಾಗಿಡಿ. ಅದು ತಿರುಚಿದಂತೆಯೇ ಉಳಿದರೆ ಅನಿಲ ನಿಧಾನವಾಗಿ ಸೋರಿ, ಮರುದಿನ ಕೆಲಸದ ಹೊತ್ತಿಗೆ ಸಿಲಿಂಡರ್ ಖಾಲಿಯಾಗಿರಬಹುದು.